ನೀರು ಕುಡಿಯದ ಜಾಯಿಂಟು

ಬೋರಿನ ಮೋಟರ್ ಇಳಸೋದು, ಎತ್ತೋದು ನನ್ನ ಕೆಲಸ. ಅಂಗಡಿ ಹುಮನಾಬಾದದಾಗ ಅದ. ನಗಬಾರದಂತ ಹಲ್ಲು ಕಚ್ಚಿ ಮನಿಯಿಂದ ಹೊಂಟರೂ ವಾರಕ್ಕೊಂದು ಕಥಿ ತಾನೇ ಬಂದು ಕಾಲಿಗಿ ತೊಡಕತದ. ಎಲ್ಲಾ ಕಥಿಗೂ ಮೂಲ ಒಂದೇ, ಜಾಯಿಂಟು. ಮೋಟರ್ ಜೋಡಿ ಬರೋ ಕೇಬಲ್ ಗಿಡ್ಡ ಇರ್ತದ. ಅದಕ್ಕ ಉದ್ದನ ಕೇಬಲ್ ಜೋಡಿಸಿ, ಮ್ಯಾಲ ಟೇಪ್ ಸುತ್ತಿ, ನೂರಾರು ಫೂಟ್ ಕೆಳಗ ನೀರಾಗ ಬಿಡಬೇಕು. ಆ ಜಾಯಿಂಟಿನಾಗ ಒಂದ ಹನಿ ನೀರು ಹೊಕ್ಕರೂ ಮುಗೀತು. ಪೈಪೆಲ್ಲಾ ಒಂದೊಂದೇ ಬಿಚ್ಚಿಕೋತ ಮೋಟರ್ ಮತ್ತ ಮ್ಯಾಲ ಎಳೀಬೇಕು. ಅವತ್ತ ಹೊಲದವರ ಬಾಯಾಗ ನಮ್ಮ ಹೆಸರು ಹ್ಯಾಂಗ ಇರ್ತದಂತ ಕೇಳಲೇಬ್ಯಾಡ್ರಿ.

1. ಉಪವಾಸ

ಹುಡಗಿ ಅನ್ನೋ ಊರಾಗ ಒಬ್ಬರ ಹೊಲಕ್ಕ ಹೋಗಿದ್ದೆ. ಇಳಸೋಕಿಂತ ಮೊದಲ ಮೋಟರಿನ ಹೊಟ್ಟ್ಯಾಗ ತಿಳಿನೀರು ತುಂಬಬೇಕು, ಇಲ್ಲಂದ್ರ ಸುಟ್ಟು ಹೋಗ್ತದ. ನೀರು ಕುಡಿಸೋದು ಅಂತೀವಿ ನಾವು. ಹೊಲದವರ ಅವ್ವ, ವಯಸ್ಸಾದ ಆಯಿ, ಚರಿಗಿ ಹಿಡ್ಕೊಂಡು ಕೂಸಿಗಿ ಹಾಲು ಕುಡಿಸಿದಂಗ ಮೋಟರಿಗಿ ನೀರು ಹಾಕಿದ್ರು. ಒಳಗಿಂದ ಗುಳುಗುಳು ಅಂತ ಗುಳ್ಳಿ ಬಂತು. "ತೇಗಾಕತ್ತದ ನೋಡ್ರಿ!" ಅಂತ ಖುಷಿಪಟ್ಟರು. ಉಳಿದ ನೀರು ತಗೊಂಡು ಜಾಯಿಂಟಿನ ಕಡಿಗಿ ಬಂದ್ರು.

ನಾ ಚೀರಿದೆ. "ಅಯ್ಯಯ್ಯ, ಬ್ಯಾಡ್ರಿ ಆಯಿ! ಇನ್ನಾ ಅರ್ಧಾನೇ ಸುತ್ತೀನಿ. ಇದು ಒಂದ ಹನಿನೂ ಕುಡೀಬಾರದು."

ಆಯಿ ಒಮ್ಮೆ ಮೋಟರ್ ನೋಡಿದ್ರು, ಒಮ್ಮೆ ಜಾಯಿಂಟ್ ನೋಡಿದ್ರು. "ಎರಡೂ ಹೋಗೋದು ಅದೇ ನೀರಿಗೇನು?"

"ಹೌದ್ರಿ."

"ವರ್ಷಗಟ್ಟಲೆ ನೀರಾಗ ಕುಂತು ಹನಿ ಮುಟ್ಟಬಾರದಾ? ಯವ್ವಾ! ನಾ ಏಕಾದಶಿ ದಿನ ಮನ್ಯಾಗ ಕುಂತು ಮೂರು ಸಲ ಚಾ ಕುಡೀತೀನಿ!"

ಅಂದಕೂಡಲೇ ಜಾಯಿಂಟಿಗಿ ಕೈ ಮುಗಿದ್ರು.

2. ಶೇರ್ ಆಟೋ

ಬಸವಕಲ್ಯಾಣದಾಗ ಒಬ್ಬರು ಅದಾರ, ಎಲ್ಲಾರೂ ಖಾಲಾ, ಅಂದ್ರ ಚಿಗವ್ವ, ಅಂತೀವಿ. ಅವರ ಗಂಡ ಮೋಟರ್ ವೈಂಡಿಂಗ್ ಮಾಡ್ತಾರ, ಜಾಯಿಂಟ್ ಮಾತ್ರ ಖಾಲಾದೇ. ಅಂಥಾ ಕೈ ನಾ ಎಲ್ಲೂ ಕಂಡಿಲ್ಲ. ಮೂರು ವೈರಿನ ಮೂರು ಜಾಯಿಂಟು ಒಂದರ ಮಗ್ಗಲಿಗಿ ಒಂದು ಬರಂಗಿಲ್ಲ, ಮೆಟ್ಟಲದಂಗ ಹಿಂದ ಮುಂದ ಕುಂದ್ರತಾವ. ರಬ್ಬರ್ ಟೇಪ್ ಜಗ್ಗಿ ಜಗ್ಗಿ, ಅರ್ಧದ ಮ್ಯಾಲ ಅರ್ಧ ಬರಂಗ ಸುತ್ತತಾರ. ಹಂಗ ಸುತ್ತುವಾಗ ಅವರ ಕಣ್ಣು ಟೇಪಿನ ಮ್ಯಾಲ ಇರಂಗಿಲ್ಲ, ಓಣಿ ಹೆಣ್ಣಮಕ್ಕಳ ಜೋಡಿ ಮಾತು ನಡದಿರ್ತದ. ನಾ ಹೋದ ಕೆಲಸ ಮರತು ಬಾಯಿ ತಕ್ಕೊಂಡು ನೋಡ್ಕೋತ ನಿಂದ್ರತೀನಿ.

ಮುಡಬಿಯ ಒಬ್ಬ ರೈತರಿಗಿ ಖಾಲಾ ಜಾಯಿಂಟ್ ಮಾಡಿಕೊಟ್ಟು ಹೇಳಿದ್ರು: "ಎರಡೂ ತುದಿ ಹೊರಗ ಇಟ್ಟು, ನಡುವಿನ ಜಾಯಿಂಟ್ ಒಂದು ದಿನ ಬಕೀಟಿನ ನೀರಾಗ ಮುಣಗಿಸಿಡ್ರಿ. ನಾ ಮೀಟರ್ ಹಚ್ಚಿ ನೋಡೋತನ ತೆಗೀಬ್ಯಾಡ್ರಿ."

ಅವರು ಮಾತು ಕೇಳೋ ಮನುಷ್ಯ. ತೆಗೀಲಿಲ್ಲ. ಮರುದಿನ ನೀರು ತುಂಬಿದ ಬಕೀಟ್ ತೊಡಿ ಮ್ಯಾಲ ಇಟ್ಕೊಂಡು ಮುಡಬಿಯಿಂದ ಶೇರ್ ಆಟೋದಾಗ ಬಂದ್ರು. ಆಟೋ ತುಂಬ ಮಂದಿ. ರೋಡಿನ ತೆಗ್ಗು ನಿಮಗ ಗೊತ್ತೇ ಅದ. ಖಾಲಾನ ಅಂಗಡಿ ಮುಂದ ಆಟೋ ನಿಂತಾಗ ಸೀರಿ ಹಿಂಡೋರು, ಧೋತರ ಹಿಂಡೋರು, ಚೀಲ ಝಾಡಸೋರು, ಬೈಗುಳಂತೂ ಮಳಿ ಸುರದಂಗ.

ಖಾಲಾ ಯಾರ ಕಡಿಗೂ ನೋಡಲಿಲ್ಲ. ಮೀಟರ್ ಹಚ್ಚಿದ್ರು. "ಬರೋಬ್ಬರ್ ಅದ. ಒಂದ ಹನಿ ಒಳಗ ಹೊಕ್ಕಿಲ್ಲ."

ಹಿಂದ ಅಂಗಿ ಹಿಂಡ್ಕೋತ ನಿಂತಿದ್ದ ಆಟೋದಾಂವ ಅಂದ: "ಖಾಲಾ, ನಮಗೂ ಜರಾ ಅದೇ ಟೇಪ್ ಸುತ್ತಿ ಕಳಸ್ರಿ."

3. ಎಣಗಾಯಿ

ಇನ್ನ ನನ್ನ ಮಾನದ ಕಥಿ. ಘಾಟಬೋರಾಳದ ಒಬ್ಬ ಕಾಕಾನ ಬೋರಿಗಿ ನಾ ಎರಡು ಸಲ ಜಾಯಿಂಟ್ ಮಾಡಿದೆ. ಎರಡೂ ಸಲ ನೀರು ಹೊಕ್ಕು ಮೋಟರ್ ನಿಂತಿತು. ಕಾಕಾ ಸಿಟ್ಟಿಗಿ ಬರಲಿಲ್ಲ, ಅದೇ ನಂಗ ಹೆಚ್ಚು ಹೆದರಿಕಿ. ತಣ್ಣಗ ಅಂದ್ರು: "ಮಂದಿ ನಿನಗ ಮಿಸ್ತ್ರಿ ಅಂತಾರ. ಇದೊಂದು ಸಲ ನೋಡ್ತೀನಿ. ಮತ್ತ ನಿಂತಿತಂದ್ರ ಇಂವ ಮಿಸ್ತ್ರಿ ಅಲ್ಲಂತ ನಾನೇ ಸುತ್ತ ಊರಿಗೆಲ್ಲ ಹೇಳ್ತೀನಿ."

ಇಪ್ಪತ್ತು ವರ್ಷದಿಂದ ಗಳಿಸಿದ್ದು ಆ ಒಂದು ಹೆಸರು. ಹಾಳಾದ ಎರಡೂ ಜಾಯಿಂಟ್ ಕತ್ತರಿಸಿ ಚೀಲದಾಗ ಇಟ್ಟಿದ್ದೆ. ನಾಚಿಕಿ ಬಿಟ್ಟು ಖಾಲಾನ ಮುಂದ ಹಾಕಿದೆ. ಅವರು ಒಂದರ ಟೇಪ್ ಬಿಚ್ಚಿ, ಒಳಗಿನ ಪದರ ಬೆರಳಿಲೆ ತಿಕ್ಕಿ ನೋಡಿದ್ರು. ಕೆಂಪಗ ಜಿಡ್ಡು.

"ಬೇಟಾ, ಬದನಿಕಾಯಿ ಎಣಗಾಯಿ ತಿಂದು ಸುತ್ತಿದ್ದೇನು?"

ನಾ ದಂಗಾಗಿಬಿಟ್ಟೆ. ನಮ್ಮ ಕಡಿ ಮಿಸ್ತ್ರಿ ಹೊಲಕ್ಕ ಬಂದ್ರ ಮೊದಲ ಊಟ, ಆಮ್ಯಾಲ ಕೆಲಸ. ಅವತ್ತ ರೊಟ್ಟಿ ಎಣಗಾಯಿ ಹೊಡದು, ಕೈ ತೊಳದಂಗ ಮಾಡಿ, ಪ್ಯಾಂಟಿಗಿ ಒರಸಿ ಟೇಪ್ ಹಿಡಿದಿದ್ದೆ. ಎಣ್ಣಿ ಇದ್ದಲ್ಲಿ ಟೇಪಿಗಿ ಟೇಪ್ ಹತ್ತಂಗಿಲ್ಲ. ನಾನೂರು ಫೂಟ್ ನೀರಾಗ ಮುಣಗಿ ಬಂದ ಜಾಯಿಂಟಿನಾಗ ನಾ ಉಂಡ ಪಲ್ಯ ಕಂಡುಹಿಡಿದಾರಂದ್ರ, ಕಮಾಲಲ್ಲೇನ್ರಿ?

"ಎರಡನೇ ಸಲ ಎಣಗಾಯಿ ತಿಂದಿಲ್ರಿ ಖಾಲಾ," ಅಂದೆ.

ಖಾಲಾ ಎರಡನೇದೂ ಬಿಚ್ಚಿದ್ರು. "ಹೌದ್ ಹೌದ್. ಇದು ಶೇಂಗಾ ಚಟ್ನಿ."

4. ಮಿಸ್ತ್ರಿ ಯಾರು?

ಮೂರನೇ ಸಲ ನಾ ಖಾಲಾಗೇ ಕೈ ಮುಗಿದು ಘಾಟಬೋರಾಳಕ್ಕ ಕರ್ಕೊಂಡು ಹೋದೆ. ಅಷ್ಟು ವರ್ಷ ಜಾಯಿಂಟ್ ಮಾಡ್ಯಾರ, ಮಾಡಿದ್ದು ಎಲ್ಲಿಗಿ ಹೋಗ್ತದಂತ ಒಮ್ಮೆಯೂ ನೋಡಿದ್ದಿಲ್ಲ.

"ಮೊದಲ ಊಟ ಮಾಡ್ರಿ," ಅಂದ್ರು ಕಾಕಾ.

"ಇಲ್ರಿ ಭಾಯಿ, ಮೊದಲ ಜಾಯಿಂಟ್," ಅಂದ್ರು ಖಾಲಾ. ಸಾಬಣ ಹಚ್ಚಿ ಕೈ ತೊಳ್ಕೊಂಡು, ಒಣ ಅರಿವಿಲೆ ಬೆರಳು ಬೆರಳು ಒರಸ್ಕೊಂಡು ಕುಂತ್ರು. ಸುತ್ತಿ ಮುಗಿಸಿದ ಮ್ಯಾಲೇ ಎದ್ರು.

ಮೋಟರ್ ಇಳಿಸಿದಿವಿ. ಬಟನ್ ಒತ್ತಿದೆ. ಪೈಪ್ ಒಂದೆರಡು ಸಲ ಕೆಮ್ಮಿತು, ಆಮ್ಯಾಲ ಭಸಕ್ಕನ ನೀರು! ನನ್ನ ಕಣ್ಣಾಗೂ ಬಂತು, ಸುಳ್ಳು ಯಾಕ ಹೇಳಲಿ.

ಖಾಲಾ ಸೆರಗು ಬಾಯಿಗಿ ಹಿಡ್ಕೊಂಡು ನಿಂತಿದ್ರು. "ಯಾ ಅಲ್ಲಾ! ನಾ ಸುತ್ತಿದ್ದು ಈ ನೀರಿನ ತಳಗ ಅದನಾ?"

"ನಾನೂರು ಫೂಟ್ ಕೆಳಗ, ಖಾಲಾ."

"ಅಲ್ಲಿ ಯಾರೂ ನೋಡಂಗಿಲ್ಲಾ?" ಹಣಿ ಹಣಿ ಬಡ್ಕೊಂಡ್ರು. "ಚಂದ ಕಾಣಲಿ ಅಂತ ಇಷ್ಟು ವರ್ಷ ಸುಮ್ನ ಜೀವ ತೇದಿನಲ್ಲ!"

ಕಾಕಾ ಖಾಲಾಗ ಕೈ ಮುಗಿದು ಕುರ್ಚಿ ಹಾಕಿಸಿದ್ರು. ಆಮ್ಯಾಲ ನನ್ನ ಕಡಿಗಿ ಬೆರಳು ತೋರಿಸಿ ಅವರಿಗೇ ಕೇಳಿದ್ರು. "ಅಮ್ಮಾ, ಖರೆ ಮಿಸ್ತ್ರಿ ನೀವು. ಹಂಗಾದ್ರ ಇಂವ ಯಾರು?"

ಹೊಲದಾಗ ನಿಂತ ಮಂದಿಯೆಲ್ಲ ಕಿವಿ ನಿಮಿರಿಸಿದ್ರು. ನನ್ನ ಮಾನ ಈಗ ಖಾಲಾನ ನಾಲಗಿ ಮ್ಯಾಲ ಇತ್ತು. ಖಾಲಾ ನನ್ನ ಮಾರಿ ನೋಡಿದ್ರು, ಅರ್ಧ ಬೆಳ್ಳಗಾದ ನನ್ನ ತಲಿ ನೋಡಿದ್ರು. ಪಾಪ ಅನಿಸಿರಬೇಕು.

"ಹಂಗ ಅನಬ್ಯಾಡ್ರಿ ಭಾಯಿ," ಅಂದ್ರು, "ಭಾಳ ಛಲೋ ಹುಡುಗ. ನಂಗ ಟೇಪ್ ಹರದು ಕೊಡ್ತಾನ. ಸೀದಾ ಹರಿಯೋದೂ ಕಲೀತಾನ, ಇನ್ಶಾಅಲ್ಲಾ."