ಮೋರಿ ತಿರುವಿಗೆ ಕಣ್ಣಿನ ಚಿಕಿತ್ಸೆ

ಅಪ್ಪ: ತಲೆ ಆಡಿಸ್ಬೇಡ ಅಂತೀಯ, ಕಣ್ಣು ಮಾತ್ರ ಆಡಿಸು ಅಂತೀಯ. ಒಂದನ್ನ ಬಿಟ್ಟು ಇನ್ನೊಂದು ಹೆಂಗಮ್ಮ ಹೋಗ್ತದೆ?

ನಾನು: ಹೋಗ್ತದಪ್ಪ. ಇದನ್ನೇ ನೋಡ್ತಾ ಇರು. ಎಡಗಡೆ... ಬಲಗಡೆ...

ಅಮ್ಮ: (ಒಳಗಿನಿಂದ) ಇನ್ನೂ ಆಗ್ಲಿಲ್ವಾ? ಬಿಸಿಲು ಏರ್ತಾ ಐತೆ!

ರೇಷ್ಮೆ ಹುಳದ ಮನೆಯ ಮುಂದೆ ಮೊಪೆಡ್ ನಿಂತಿತ್ತು. ಪಕ್ಕದಲ್ಲಿ ಗೂಡಿನ ಎರಡು ಮೂಟೆ. ಇವತ್ತೇ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯಬೇಕು. ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಗೂಡನ್ನು ಯಾರೂ ಕೇಳುವುದಿಲ್ಲ.

ಆದರೆ ಗಾಡಿ ಓಡಿಸುವವರಿಲ್ಲ. ಮಳೆಗಾಲದಲ್ಲಿ ಅಪ್ಪ ಹೀಗೇ ಗೂಡಿನ ಜೊತೆ ಅಮ್ಮನನ್ನೂ ಕೂರಿಸಿಕೊಂಡು ಹೋಗಿ ಮೋರಿ ತಿರುವಿನಲ್ಲಿ ಬಿದ್ದಿದ್ದ. ಅಲ್ಲಿಂದೀಚೆಗೆ ಹ್ಯಾಂಡಲ್ ಹಿಡಿದರೆ ಸಾಕು, ಅವನ ಕೈ ನಡುಗುತ್ತದೆ. ಆಮೇಲೆ ನಮ್ಮ ಗೂಡು ಊರಿನ ಬಯ್ಯಪ್ಪನವರ ಟೆಂಪೊದಲ್ಲಿ ಹೋಗುತ್ತಿತ್ತು. ಇವತ್ತು ಅದು ಟೊಮೆಟೊ ಹೊತ್ತು ಚಿಂತಾಮಣಿಗೆ ಹೋಗಿದೆ. ಆದ್ದರಿಂದ ಅಪ್ಪನ ಭಯ ವಾಸಿ ಮಾಡುವ ಹೊಣೆಯನ್ನು ನಾನು ಹೊತ್ತೆ. ನನ್ನ ಅರ್ಹತೆ: ಅರ್ಧ ಪಿಯುಸಿ, ಕಣ್ಣು ಆಡಿಸಿ ಭಯ ಬಿಡಿಸುವ ಚಿಕಿತ್ಸೆಯ ಮುಕ್ಕಾಲು ವಿಡಿಯೊ. ಕಾಲೇಜಿನ ಗೇಟಿನವರೆಗೆ ಹೋಗಿ, ಹೆದರಿ ವಾಪಸ್ ಬರುವುದರಲ್ಲಿ ಮಾತ್ರ ಪೂರ್ತಿ ಪರಿಣತಿ.

ನಾನು: ಬಿದ್ದಿದ್ದನ್ನ ನೆನೆಸ್ಕೊಂಡು ಇದನ್ನ ನೋಡಪ್ಪ. ನೆನಪು ಹಗುರ ಆಗ್ತದಂತೆ.

ಅಪ್ಪ: ಹಗುರ ಆಗೋದಿರ್ಲಿ, ಬೆವರು ಬರ್ತಾ ಐತೆ.

ನಾನು: ಬರ್ಬೇಕು. ಅದು ಒಳ್ಳೇದು.

ಅಪ್ಪ: ಎದೆ ಹೊಡ್ಕೊಳ್ತಾ ಐತೆ.

ನಾನು: ಅದೂ... ಒಳ್ಳೇದೇ ಇರ್ಬೇಕು.

ಅಮ್ಮ ಬುತ್ತಿ ಡಬ್ಬಿ ಹಿಡಿದು ಹೊರಗೆ ಬಂದಳು. ನನ್ನ ಕೈಯಲ್ಲಿ ತೂಗಾಡುತ್ತಿದ್ದುದನ್ನು ನೋಡಿ ಅಲ್ಲೇ ನಿಂತಳು.

ಅಮ್ಮ: ಏನೇ ಅದು ದಾರಕ್ಕೆ ಕಟ್ಟಿರೋದು?

ನಾನು: ಗೂಡು. ಬೆಳ್ಳಗೆ ಎದ್ದು ಕಾಣ್ತದೆ ಅಂತ ಆರಿಸಿ ಆರಿಸಿ ಕಟ್ಟಿದೀನಿ.

ಅಮ್ಮ: ರಸ್ತೆ ತುಂಬಾ ಗೂಡು ಚೆಲ್ಲಿ, ಟ್ರ್ಯಾಕ್ಟರ್ ಹತ್ತಿ ಅಪ್ಪಚ್ಚಿ ಆಗಿದ್ದನ್ನ ಕಂಡೋರಿಗೆ ಗೂಡೇ ತೋರಿಸ್ತೀಯಲ್ಲೇ! ನಾಯಿ ಕಚ್ಚಿದೋನ ಮುಂದೆ ಅದೇ ನಾಯೀನ ಎಡಕ್ಕೊಂದ್ಸಲ, ಬಲಕ್ಕೊಂದ್ಸಲ ಓಡಿಸ್ದಂಗೆ.

ಇದು ನನಗೆ ಹೊಳೆದೇ ಇರಲಿಲ್ಲ. ಗೂಡಿನ ಮೇಲೆ ಕಲೆ ಇದೆಯೇ, ದಾರ ಸರಿಯಾಗಿ ನಡುವಿಗೆ ಬಂದಿದೆಯೇ ಎಂದು ಬೆಳಿಗ್ಗೆಯಿಂದ ಪರೀಕ್ಷೆ ಮಾಡಿದ್ದೆ. ರೋಗಿಯನ್ನು ಮಾತ್ರ ಪರೀಕ್ಷೆ ಮಾಡಿರಲಿಲ್ಲ. ಗೂಡನ್ನು ಜೇಬಿಗೆ ಹಾಕಿ ಬೆರಳು ಎತ್ತಿದೆ.

ನಾನು: ತಪ್ಪಾಯ್ತು. ಮೊದ್ಲಿಂದ ಮಾಡಣ. ನಿನಗೆ ನೆಮ್ಮದಿ ಕೊಡೋ ಜಾಗ ಒಂದು ನೆನೆಸ್ಕೊಪ್ಪ.

ಅಪ್ಪ: ತೊಂಡೇಬಾವಿ ರೈಲ್ವೆ ಸ್ಟೇಷನ್ನು. ಮರದ ಕೆಳಗೆ ಕಲ್ಲು ಬೆಂಚು.

ನಾನು: ಪಕ್ಕದಲ್ಲಿ ಯಾರಿದಾರೆ?

ಅಪ್ಪ: ಯಾರೂ ಇಲ್ಲ. ಅದಕ್ಕೇ ನೆಮ್ಮದಿ.

ಅಮ್ಮ: ಮದುವೆ ಆದ ಹೊಸದ್ರಲ್ಲಿ ಅದೇ ಬೆಂಚಲ್ಲಿ ನನ್ನ ಕೂರಿಸಿ, ಬೋಂಡಾ ತರ್ತೀನಿ ಅಂತ ಹೋದೋರು ರೈಲು ಹೋದ್ಮೇಲೆ ಬಂದ್ರು.

ಅಪ್ಪ: ನೋಡಿದ್ಯಾ? ಅಲ್ಲಿಗೂ ಬಂದ್ಬಿಟ್ಳು.

ನಾನು: ಅಮ್ಮ, ಸ್ವಲ್ಪ ಸುಮ್ನಿರು. ಅಪ್ಪ, ಈಗ ಬಿದ್ದ ಹೊತ್ತು ನೆನೆಸ್ಕೊ. ಏನ್ ಕಾಣ್ತದೆ?

ಅಪ್ಪ: ಕುರಿ ಅಡ್ಡ ಬಂತು.

ಅಮ್ಮ: ಕುರಿ ಅಲ್ಲ, ಮೇಕೆ.

ಅಪ್ಪ: ಲೇ, ಬಿದ್ದೋನು ನಾನು!

ಅಮ್ಮ: ನಾನೇನು ಸೀಟಲ್ಲೇ ಕೂತಿದ್ನಾ? ನೀವು ಬಿದ್ದಿದ್ದು ಮೂಟೆ ಮೇಲೆ, ಮೆತ್ತಗೆ. ನಾನು ಬಿದ್ದಿದ್ದು ಜಲ್ಲಿ ಮೇಲೆ.

ನಾನು: ರೋಗಿ ಜೊತೆ ಜಗಳ ಆಡ್ಬಾರ್ದಮ್ಮ.

ಅಮ್ಮ: ಜಲ್ಲಿ ಮೇಲೆ ಬಿದ್ದೋಳು ರೋಗಿ ಅಲ್ವಾ? ಯಾರಾದ್ರೂ ನನ್ನ ಮುಂದೆ ಬೆರಳು ಆಡಿಸಿದ್ರಾ?

ಆಗಲೇ ನಾನು ನೋಡಿದ್ದು. ಅಪ್ಪನ ಹಿಂದೆ ನಿಂತಿದ್ದ ಅಮ್ಮನ ಕಣ್ಣೂ ನನ್ನ ಬೆರಳಿನ ಜೊತೆ ಅತ್ತ ಇತ್ತ ಹೋಗುತ್ತಿತ್ತು. ವಿಡಿಯೊದಲ್ಲಿ ಒಂದು ಬೆರಳಿಗೆ ಒಬ್ಬರೇ ಇದ್ದರು. ಇಬ್ಬರಾದರೆ ಏನು ಮಾಡಬೇಕೆಂದು ತಿಳಿಯದೆ ನಾನು ಆಡಿಸುತ್ತಲೇ ಇದ್ದೆ.

ಅಮ್ಮ: ನಂಗೇನು ಕಾಣ್ತದೆ ಗೊತ್ತೇನೇ ಯಶೂ? ನಿಮ್ಮಪ್ಪನ ಬೆನ್ನು. ಬಗ್ಗಿ ಬಗ್ಗಿ ಗೂಡು ಆರಿಸ್ಕೊಳ್ತಿದ್ರು. ಇವಳು ಇದಾಳೋ ಸತ್ತಳೋ ಅಂತ ಒಂದ್ಸಲ ತಿರುಗಿ ನೋಡ್ಲಿಲ್ಲ.

ಅಪ್ಪನ ಕಣ್ಣು ನಡುವೆಯೇ ನಿಂತುಬಿಟ್ಟಿತು.

ಅಪ್ಪ: ನೋಡ್ದೆ.

ಅಮ್ಮ: ಯಾವಾಗ?

ಅಪ್ಪ: ಎದ್ದ ತಕ್ಷಣ ನೋಡ್ದೆ. ಕಣ್ಣು ಮುಚ್ಕೊಂಡು ಬಿದ್ದಿದ್ದೆ ನೀನು. ಅಲ್ಲಾಡ್ಲಿಲ್ಲ. ಹತ್ರ ಬಂದು ಮುಟ್ಟಿದ್ರೆ ಏನ್ ಗೊತ್ತಾಗ್ತದೋ ಅಂತ ಭಯ ಆಯ್ತು. ಗೂಡು ಆರಿಸ್ತಾ ಇದ್ರೆ ಅಷ್ಟು ಹೊತ್ತಾದ್ರೂ ಗೊತ್ತಾಗಲ್ವಲ್ಲ ಅಂತ ಆರಿಸ್ದೆ. ಈಗ ಗೂಡು ನೋಡಿದ್ರೂ ಆ ಮುಖ, ಹ್ಯಾಂಡಲ್ ಹಿಡಿದ್ರೂ ಆ ಮುಖ.

ಅಮ್ಮ ಬುತ್ತಿ ಡಬ್ಬಿಯ ಮುಚ್ಚಳ ತೆಗೆದಳು, ಮುಚ್ಚಿದಳು.

ಅಮ್ಮ: ಅದು... ನಾನು ಬೇಕಂತಲೇ ಕಣ್ಣು ಮುಚ್ಕೊಂಡಿದ್ದೆ.

ಅಪ್ಪ: ಏನು?

ಅಮ್ಮ: ಬರ್ತೀರೇನೋ ನೋಡಣ ಅಂತ.

ಅಪ್ಪ: ಅಯ್ಯೋ ನಿನ್ನ! ನೀನು ನಾಟಕ ಆಡಿದ್ದಕ್ಕಾ ನಾನು ಇಷ್ಟು ದಿನ ಊಟ ಸೇರ್ದೆ ಒದ್ದಾಡಿದ್ದು?

ಅಮ್ಮ: ಊಟ ಸೇರ್ದೆ ಎಲ್ಲಿ? ಮುದ್ದೆ ಚೆನ್ನಾಗೇ ಸೇರ್ತಿತ್ತು.

ಅಪ್ಪ: ಇನ್ನೊಂದ್ಸಲ ಬಿದ್ರೆ ಕಣ್ಣು ಬಿಟ್ಕೊಂಡೇ ಬೀಳ್ಬೇಕು. ಹೇಳಿದೀನಿ.

ಅಮ್ಮ: ಬೀಳ್ಸಿದ್ರೆ ಮೊದ್ಲು ನನ್ನ ಎತ್ಬೇಕು, ಆಮೇಲೆ ಗೂಡು. ಹೋಗ್ಲಿ ಬಿಡಿ, ಆಗಿದ್ದು ಆಯ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ನನ್ನ ಬೆರಳು ಮಾತ್ರ ಯಾರಿಗೂ ಬೇಡವಾಗಿ ಗಾಳಿಯಲ್ಲಿ ಎಡಕ್ಕೂ ಬಲಕ್ಕೂ ಓಡಾಡುತ್ತಿತ್ತು.

ಅಪ್ಪ: ಆ ವಿಡಿಯೊ ಕೊನೇಲಿ ಏನ್ ಹೇಳ್ತಾರೆ?

ನಾನು: ಅಲ್ಲಿ ತನಕ ನೋಡಿರ್ಲಿಲ್ಲಪ್ಪ. ತಡಿ... "ದೊಡ್ಡ ಆಘಾತ ಆಗಿದ್ರೆ ತರಬೇತಿ ಇರೋರ ಹತ್ರಾನೇ ಹೋಗಿ. ಮನೆಯವರ ಮೇಲೆ ನೀವೇ ಪ್ರಯೋಗ ಮಾಡ್ಬೇಡಿ."

ಅಮ್ಮ: ಇವಳಿಗೆ ಎಲ್ಲಾ ಪಾಠಾನೂ ಅರ್ಧಕ್ಕೆ ಬಿಡೋದೇ ಅಭ್ಯಾಸ.

ಅಪ್ಪ ಒಂದು ಮೂಟೆಯನ್ನು ಮುಂದೆ ಇಟ್ಟುಕೊಂಡು ಮೊಪೆಡ್ ಹತ್ತಿದ. ಅಮ್ಮ ಇನ್ನೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕುಳಿತಳು. ಹ್ಯಾಂಡಲ್ ಮೇಲೆ ಅಪ್ಪನ ಕೈ ಇನ್ನೂ ಸ್ವಲ್ಪ ನಡುಗುತ್ತಿತ್ತು. ನನ್ನ ಚಿಕಿತ್ಸೆ ಅಷ್ಟಕ್ಕಷ್ಟೇ ಎಂದು ತಲೆ ತಗ್ಗಿಸಿದೆ. ಅಮ್ಮ ಅವನ ಭುಜ ಹಿಡಿದಳು.

ಅಮ್ಮ: ಬದುಕಿದೀನಿ. ಹೊರಡಿ.

ಅಪ್ಪ: ಮೋರಿ ಹತ್ರ ಇನ್ನೊಂದ್ಸಲ ಹೇಳು.

ಅಮ್ಮ: ಶಿಡ್ಲಘಟ್ಟದ ತನಕ ಹೇಳ್ತಾನೇ ಇರ್ತೀನಿ.

ಅಪ್ಪ: ಅಷ್ಟೊಂದು ಬೇಡ.

ಗಾಡಿ ಶುರುವಾಯಿತು. ಕೈ ನಡುಕ ನಿಂತಿತೋ, ಗಾಡಿಯ ನಡುಕದಲ್ಲಿ ಬೆರೆತುಹೋಯಿತೋ, ನನಗೆ ಗೊತ್ತಾಗಲಿಲ್ಲ. ಇನ್ನೇನು ಹೊರಟರು ಎನ್ನುವಾಗ ಅಪ್ಪ ಹಿಂತಿರುಗಿ ನೋಡಿದ.

ಅಪ್ಪ: ಯಶೂ, ಆ ದಾರ ಕಟ್ಟಿದ ಗೂಡು ಕೊಡಿಲ್ಲಿ.

ಕೊಟ್ಟೆ. ಅವನು ಅದನ್ನು ನನ್ನ ಮೂಗಿನ ಮುಂದೆ ಹಿಡಿದು ತೂಗಿದ.

ಅಪ್ಪ: ತಲೆ ಆಡಿಸ್ಬೇಡ. ಈಗ ನಿನ್ನ ಕಾಲೇಜ್ ಗೇಟ್ ನೆನೆಸ್ಕೊಮ್ಮ. ಏನ್ ಕಾಣ್ತದೆ?

ನಾನು: ಅಪ್ಪ, ಚಿಟ್ಟೆ ಹೊರಗೆ ಬಂದ್ಬಿಡ್ತದೆ, ಇಬ್ರೂ ಮೊದ್ಲು ಹೊರಡಿ!

ಅಮ್ಮ: ನೋಡಿ ನೋಡಿ, ಹಣೆ ಮೇಲೆ ಬೆವರು ಬರ್ತಾ ಐತೆ.

ಅಪ್ಪ: ಬರ್ಬೇಕು. ಅದು ಒಳ್ಳೇದು.