ಬೆಟ್ಟದ ಬುಡದ ಮರಗಳು

ತಪ್ಪನ್ನು ಒಮ್ಮೆ ಹೇಳಿ ಸುಮ್ಮನಾಗುವವನಿಗಿಂತ, ಅದನ್ನೇ ಸ್ಪಷ್ಟ ಉಚ್ಚಾರಣೆಯಲ್ಲಿ ಮೂರು ಸಲ ಹೇಳಿಸುವವನು ಹೆಚ್ಚು ಅಪಾಯಕಾರಿ. ಗಂಗಾವತಿಯ ಖಾಸಗಿ ಕನ್ನಡ ಶಾಲೆಯೊಂದರಲ್ಲಿ ಹದಿನೆಂಟು ವರ್ಷ ನಾನು ಆ ಕೆಲಸವನ್ನೇ ಮಾಡಿದೆ. ಸರಕಾರಿ ಶಾಲೆಗಳಲ್ಲಿ ಉರ್ದು ನಡೆಯುತ್ತಿದ್ದ ಕಾಲವದು. ಕನ್ನಡದಲ್ಲಿ ಹೇಳಿದ್ದೆಲ್ಲ ಸತ್ಯವಾಗಿಯೇ ಇರುತ್ತದೆಂದು ನನಗೊಂದು ಹೆಮ್ಮೆ. “ಬೆಟ್ಟವನ್ನು ಏರಿದಂತೆಲ್ಲ ಮರಗಳ ಜಾತಿಗಳು ಕಡಿಮೆಯಾಗುತ್ತವೆ” ಎಂದು ಎಷ್ಟು ಮಕ್ಕಳಿಂದ ಹೇಳಿಸಿದೆನೋ! ಪುಸ್ತಕದಲ್ಲಿ ಅದು ಉಷ್ಣದೇಶಗಳ ಎತ್ತರದ, ಮಳೆಕಾಡಿನ ಪರ್ವತಗಳಿಗೆ ಹೇಳಿದ ಮಾತು. ವಾಕ್ಯ ಉದ್ದವಾಯಿತೆಂದು ಆ ಷರತ್ತನ್ನು ನಾನೇ ಕತ್ತರಿಸಿದ್ದೆ.

ಶಾಲೆ ಬಿಟ್ಟು ಆನೆಗೊಂದಿಯಲ್ಲಿ ನೆಲಸಿ ಹತ್ತು ವರ್ಷವಾದ ಮೇಲೆ ಹಳೆಯ ವಿದ್ಯಾರ್ಥಿ ಬಸಪ್ಪನ ಕಾಗದ ಬಂತು. ಅವನೀಗ ಹನುಮಸಾಗರದಲ್ಲಿ ಮಾಸ್ತರ. “ಗುರುಗಳೇ, ನಿಮ್ಮ ನಿಯಮ ಇಲ್ಲಿಯ ಗುಡ್ಡಗಳಿಗೆ ಹೊಂದುವುದಿಲ್ಲವೆಂದು ಮಕ್ಕಳು ವಾದಿಸುತ್ತಾರೆ. ಕಲಿಸಲೋ, ಬಿಡಲೋ?”

ಹದಿನೆಂಟು ವರ್ಷಗಳ ಮರ್ಯಾದೆಯ ಪ್ರಶ್ನೆ! ಎಣಿಸಿಯೇ ತೀರುವುದೆಂದು ನಿಶ್ಚಯಿಸಿ ಊರ ಹಿಂದಿನ ಬೆಟ್ಟಕ್ಕೆ ಹೊರಟೆ. ಬಾಳೆನಾರಿನ ಹುರಿಯಿಂದ ಒಂದೇ ಅಳತೆಯ ಚೌಕವನ್ನು ಬುಡ, ನಡು, ನೆತ್ತಿಗಳಲ್ಲಿ ಹಾಕಿದೆ. ಬುಡದಲ್ಲಿ ಜಾಲಿ, ಬೇವು ಎರಡೇ ಜಾತಿ. ನಡುವಿನ ಬಂಡೆಗಳ ಸಂದಿಯಲ್ಲಿ ಐದು. ನೆತ್ತಿಯಲ್ಲಿ ಒಂಬತ್ತು! ಮತ್ತೆ ಎಣಿಸಿದೆ, ಒಂಬತ್ತು ಒಂಬತ್ತಾಗಿಯೇ ಉಳಿಯಿತು. ಬೆವರು ಒರೆಸಿಕೊಳ್ಳುತ್ತಿರುವಾಗ ಉಪಾಯವೊಂದು ಹೊಳೆಯಿತು: ಇಳಿಯುತ್ತ ಎಣಿಸಿದರೆ, ನಡೆದಷ್ಟೂ ಜಾತಿಗಳು ಕಡಿಮೆಯಾಗುತ್ತವೆ! ನಾಚಿಕೆಯಿಲ್ಲದೆ ಹೊಸ ಹಾಳೆ ತೆಗೆದು ಇಳಿಯುತ್ತ ಎಣಿಸತೊಡಗಿದೆ.

ಬುಡದಲ್ಲಿ, ನಮ್ಮ ಮನೆಗೆ ಕಟ್ಟಿಗೆ ತರುವ ಯಲ್ಲವ್ವ ಹೊರೆ ಇಳಿಸಿ ಕುಳಿತಿದ್ದಳು.

“ಏನ್ ಕಳಕೊಂಡೀರಿ, ಮಾಸ್ತರ್ರ?”

“ಮರಗಳನ್ನು, ಯಲ್ಲವ್ವ. ಇಲ್ಲಿ ಎರಡೇ ಜಾತಿ ಇವೆಯಲ್ಲ, ಉಳಿದವು ಎಲ್ಲಿ?”

“ಅಯ್ಯ, ನಿಮ್ಮ ಹಿತ್ತಲಕ್ಕ ಹೋಗ್ಯಾವಲ್ರಿ! ಜಾಲಿ ತಂದ್ರ ಮುಳ್ಳು ಅಂದ್ರಿ, ಬೇವು ತಂದ್ರ ಹೊಗಿ ಕಹಿ ಅಂದ್ರಿ. ಕಕ್ಕಿ ಕಟ್ಟಿಗಿ ತಾ, ಕಮರದ ಕಟ್ಟಿಗಿ ತಾ, ನೆಟ್ಟಗಿರೋದ ತಾ ಅಂತ ಹತ್ತು ವರ್ಷ ಹೇಳಿದ್ರಿ. ನಿಮ್ಮನ್ನ ನೋಡಿ ಓಣಿ ಮಂದಿ ಎಲ್ಲಾ ಹಂಗ ಕೇಳಾಕತ್ರು. ನೀವು ಬ್ಯಾಡಂದ ಎರಡ ಉಳದಾವ ನೋಡ್ರಿ.”

“ನೆತ್ತಿಯಲ್ಲಿ ಒಂಬತ್ತಿವೆಯಲ್ಲ?”

“ಅಷ್ಟು ಮ್ಯಾಲ ಹತ್ತಾಕ ನನ್ನ ಮೊಣಕಾಲು ಒಪ್ಪಂಗಿಲ್ರಿ!”

ಕೈಯಲ್ಲಿದ್ದ ಹಾಳೆಯನ್ನು ಹರಿದೆ. “ನಾಳೆಯಿಂದ ಜಾಲಿಯನ್ನೇ ತಾ” ಎಂದೆ.

“ಮುಳ್ಳು ಚುಚ್ಚತಾವ್ರಿ.”

“ಚುಚ್ಚಲಿ.”

ಮನೆಗೆ ಬಂದು ಬಸಪ್ಪನಿಗೆ ಬರೆದೆ: “ಆ ನಿಯಮವನ್ನು ನಾನು ಅರ್ಧ ಮಾತ್ರ ಕಲಿಸಿದ್ದೆ. ಅದು ಮಳೆಕಾಡಿನ ಎತ್ತರದ ಪರ್ವತಗಳದು. ಮಕ್ಕಳ ಮಾತೇ ಸರಿ. ನಮ್ಮ ಬೆಟ್ಟದ ಬುಡದಲ್ಲಿ ಬೆಳೆಯುತ್ತಿದ್ದ ಮರಗಳನ್ನು ತೋರಿಸಬೇಕೆಂದರೆ ಅವರನ್ನು ನಮ್ಮ ಹಿತ್ತಲಿಗೆ ಕರೆದುಕೊಂಡು ಬಾ. ಜಾತಿವಾರು ವಿಂಗಡಿಸಿ, ಒಂದೇ ಅಳತೆಗೆ ಕಡಿಸಿ, ನೀಟಾಗಿ ಒಟ್ಟಿಸಿದ್ದೇನೆ. ಆದರೆ ತಡಮಾಡಬೇಡ, ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಸಲ ಒಲೆ ಹೊತ್ತುತ್ತದೆ.”