ಹಲ್ಲುಪುಡಿಗಾಗಿ ದಿಲ್ಲಿಗೆ

ನಮ್ಮ ಕಾಕಾನಂಥ ಜಗಳಗಂಟರು ಖಾನಾಪುರದಲ್ಲಿ ಇನ್ನೊಬ್ಬರಿರಲಿಲ್ಲ. ಹಲ್ಲುಪುಡಿಗಾಗಿ ದಿಲ್ಲಿಯವರೆಗೆ ಹೋದ ಮನುಷ್ಯ! ಅದೂ ತಾವು ಜೀವನವಿಡೀ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತ!

ಎಪ್ಪತ್ತರ ದಶಕದ ಕೊನೆ. ಕಾಕಾನದು ಕಿರಾಣಿ ಅಂಗಡಿ. ಒಂದು ಕಂಪನಿಯ ಸಾಬೂನಿಗೆ ಜನ ಮುಗಿಬೀಳುತ್ತಿದ್ದರು. ಅದೇ ಕಂಪನಿಯ ಹಲ್ಲುಪುಡಿಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಹಲ್ಲುಪುಡಿ ಕೊಳ್ಳದ ಅಂಗಡಿಗೆ ಸಾಬೂನೂ ಇಲ್ಲ ಎಂದಿತು ಕಂಪನಿ. ಇಂಥ ಬಲವಂತವನ್ನು ವಿಚಾರಿಸಲು ದಿಲ್ಲಿಯಲ್ಲಿ ಏಕಸ್ವಾಮ್ಯ ಆಯೋಗವಿದೆ ಎಂದು ಕಾಕಾಗೆ ಹೇಳಿದವನು ನಾನೇ. ಬೆಳಗಾವಿಯ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದೆ, ಬಾಯಿ ಮುಚ್ಚಿಕೊಂಡಿರಬೇಕಿತ್ತು!

ಕಾಕಾ ಖಾನಾಪುರ, ಬೆಳಗಾವಿಯ ಅಂಗಡಿಕಾರರ ಸಂಘ ಕಟ್ಟಿದರು. ವಕೀಲರ ಫೀ, ರೈಲಿನ ಖರ್ಚು ಯಾರದು?

"ಎಲ್ಲಾರೂ ಸಮ ಹಾಕೂಣ್ರಿ," ಎಂದರು ಬೆಳಗಾವಿಯ ಅನಗೋಳದಲ್ಲಿ ಅಂಗಡಿಯಿದ್ದ ಸಾಹುಕಾರರು.

"ಹೆಂಗ್ರೀ ಸಮ?" ಎಂದರು ಕಾಕಾ. "ಯಾರ ಅಟ್ಟದ ಮ್ಯಾಲೆ ಮಾರಾಟಾಗದ ಹಲ್ಲುಪುಡಿ ಡಬ್ಬಿ ಹೆಚ್ಚು ಕುಂತಾವೋ ಅವ್ರು ಮೊದಲ ಸೋತಾರ. ಅವ್ರು ಕಡಿಮಿ ಕೊಡ್ಲಿ. ಡಬ್ಬಿ ಕಡಿಮಿ ಇದ್ದಾವ್ರು ಹೆಚ್ಚು ಕೊಡ್ಲಿ."

ಇದು ಯಾವ ಕಾನೂನು ಪುಸ್ತಕದಲ್ಲಿದೆ? ಆದರೆ ಎಲ್ಲರೂ ಒಪ್ಪಿದರು. ಲೆಕ್ಕದ ವಹಿ ಹಿಡಿದು, ಕಾಕಾನ ಜೊತೆ ಅಂಗಡಿ ಅಂಗಡಿಯ ಏಣಿ ಹತ್ತಿ ಎಣಿಸಿದೆ. ಅನಗೋಳದಲ್ಲಿ ಅಟ್ಟದ ತುಂಬ ಡಬ್ಬಿ! ಕಾಕಾ ಒಂದನ್ನು ತಿರುಗಿಸಿ ನೋಡಿದರು.

"ಸಾಹುಕಾರ್ರ, ಈ ತಗ್ಗು ಬಿದ್ದ ಡಬ್ಬಿ ನಿನ್ನೆ ಬಾಜೂ ಅಂಗಡ್ಯಾಗಿತ್ತು. ತಾನ ನಡಕೊಂತ ಬಂತೇನ್ರಿ?"

"ಅವ್ರು ಇಡಾಕ ಕೊಟ್ಟಾರ್ರಿ…"

"ಇಡಾಕ ಕೊಟ್ಟಾರೋ, ಎಣಸಾಕ ಕೊಟ್ಟಾರೋ?"

ಕೊನೆಗೆ ಕಾಕಾನ ಅಂಗಡಿ. "ನಮ್ಮಲ್ಲಿ ಬರೇ ನಾಕ ಡಬ್ಬಿ. ಬರ್ಕೊ," ಎಂದರು. ಏಣಿ ಹತ್ತದೆ ಬರೆದುಕೊಂಡೆ. ಎಲ್ಲರಿಗಿಂತ ದೊಡ್ಡ ಪಾಲು ಅವರ ಮೇಲೆಯೇ ಬಿತ್ತು!

"ನಿಮ್ಮ ನ್ಯಾಯ ನಿಮ್ಮ ಕೊರಳಿಗೇ ಬಿತ್ತು ನೋಡ್ರಿ," ಎಂದು ಅವರ ಹೆಂಡತಿ, ನಮ್ಮ ಕಾಕೂ, ನಕ್ಕರು.

ಆ ನಗೆ ಬಹಳ ದಿನ ಉಳಿಯಲಿಲ್ಲ. ದೂರು ಹೋದೊಡನೆ ಕಂಪನಿ ಕಾಕಾಗೆ ಸಾಬೂನು ನಿಲ್ಲಿಸಿತು. ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ದೂರು ಹಿಂತೆಗೆದುಕೊಂಡರೆ ಸಾಬೂನು ಕೊಡುತ್ತೇವೆ ಎಂದ ಏಜೆಂಟನಿಗೆ ಕಾಕಾ ಚಹಾ ಕುಡಿಸಿ ಕಳಿಸಿದರು. ಮೂರು ವರ್ಷ ದಿಲ್ಲಿಗೆ ಅಲೆದ ಮೇಲೆ ಆಯೋಗದ ಆದೇಶ ಬಂತು: ಬಲವಂತ ನಿಲ್ಲಬೇಕು, ಖರ್ಚು ಅವರವರದೇ.

"ಖರ್ಚೂ ಬರಲಿಲ್ಲಲ್ಲ ಕಾಕಾ?"

"ಖರ್ಚು ನಮ್ದಾದ್ರ ಗೆಲುವೂ ನಮ್ದ ಅಲ್ಲೇನೋ, ಹುಚ್ಚಪ್ಪ!"

ಕಾಕಾ ತೀರಿಕೊಂಡ ಮರುವರ್ಷ ಅಂಗಡಿಯ ಹಂಚು ಸರಿಪಡಿಸಲು ಅಟ್ಟ ಹತ್ತಿದೆ. ಭತ್ತದ ಚೀಲಗಳ ಹಿಂದೆ ಆ ಕಾಲದ್ದೇ ಹಲ್ಲುಪುಡಿಯ ಡಬ್ಬಿಗಳು. ಎಣಿಸಿದೆ. ನೂರಾ ಹನ್ನೆರಡು. ಅಷ್ಟು ಬೇರಾರ ಅಟ್ಟದಲ್ಲೂ ಇರಲಿಲ್ಲ. ತಮ್ಮದೇ ನಿಯಮದಂತೆ ಎಲ್ಲರಿಗಿಂತ ಕಡಿಮೆ ಕೊಡಬೇಕಾಗಿದ್ದವರು ಕಾಕಾ.

ಹಳೆಯ ವಹಿ ಹುಡುಕಿ, 'ನಾಲ್ಕು' ಹೊಡೆದುಹಾಕಿ, 'ನೂರಾ ಹನ್ನೆರಡು' ಎಂದು ಬರೆದೆ. ಪಕ್ಕದಲ್ಲಿ ಸೇರಿಸಿದೆ: ಕಣ್ಣಾರೆ ನೋಡಿದ್ದು.